ವೀಪಿಂಗ್ ಮಲ್ಬರಿ ಕೊಳ್ಳುವ ಮುಂಚೆ ಕಾಂಡದ ಗಂಟು ನೋಡಿ

ಕೊಂಬೆ ಇಳಿಬೀಳುವ ಗಿಡ ತರಬೇಕು ಅಂತಿದ್ದರೆ ಇದನ್ನು ಓದಿ ಆಮೇಲೆ ಹೋಗಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಅಂಗಳದ ಮೂಲೆಗೆ ಅಂತ ನರ್ಸರಿಯಿಂದ ವೀಪಿಂಗ್ ಮಲ್ಬರಿ ತಂದೆ. ಹಿಪ್ಪುನೇರಳೆಯೇ, ಆದರೆ ಕೊಂಬೆಗಳು ಕೊಡೆ ಬಿಚ್ಚಿದ ಹಾಗೆ ನೆಲದ ಕಡೆ ಇಳಿದಿರುತ್ತವೆ. ನನ್ನ ಎದೆಯೆತ್ತರ ಇತ್ತು. "ಎರಡೇ ವರ್ಷ ಮೇಡಂ, ಮಹಡಿ ಮುಟ್ಟುತ್ತೆ" ಅಂದರು. ನಂಬಿದೆ. ಕಸಿ ಗಿಡ, ಅಂದರೆ ಒಂದು ಗಿಡದ ಕಾಂಡಕ್ಕೆ ಇನ್ನೊಂದರ ಕೊಂಬೆ ಕೂಡಿಸಿದ್ದು, ಅಂತ ಒಂದು ಮಾತು ಹೇಳಲಿಲ್ಲ. ಒಂದೇ ಒಂದು ಮಾತು!

ಮಳೆ ಬಿದ್ದ ಮೇಲೆ ಕಾಂಡದ ಕೆಳಭಾಗದಿಂದ ಮೂರು ಚಿಗುರು ನೆಟ್ಟಗೆ ಎದ್ದವು. ಫೋಟೊ ಕಳಿಸಿ ಕೇಳಿದೆ. "ಒಳ್ಳೆ ಲಕ್ಷಣ, ಬೇರು ಹಿಡಿದಿದೆ. ಕತ್ತರಿಸಬೇಡಿ, ತಾನಾಗೇ ಬಾಗುತ್ತೆ" ಅಂತ ಉತ್ತರ ಬಂತು. ಗೊಬ್ಬರ ಹಾಕಿದೆ. ಗಾಳಿಗೆ ಮುರಿಯದಿರಲಿ ಅಂತ ಕೋಲು ನೆಟ್ಟು ಕಟ್ಟಿದೆ. ಮರುವರ್ಷ ಅವು ನನ್ನ ತಲೆ ದಾಟಿದವು, ಒಂದೂ ಬಾಗಲಿಲ್ಲ. ಇಳಿಬಿದ್ದ ಕೊಂಬೆಗಳು ಮಾತ್ರ ಒಂದೊಂದಾಗಿ ಒಣಗಿದವು.

ಬೇಲಿ ಕತ್ತರಿಸೋಕೆ ಬಂದ ಹಿರಿಯರೊಬ್ಬರು ಕಾಂಡದ ಮೇಲೆ ಹೆಬ್ಬೆರಳು ಒತ್ತುತ್ತಾ ಹೋಗಿ, ತುದಿಯಲ್ಲಿದ್ದ ಗಂಟಿನ ಹತ್ತಿರ ನಿಲ್ಲಿಸಿದರು. ಅಲ್ಲಿಂದ ಮೇಲೆ ತೊಗಟೆಯ ಬಣ್ಣವೇ ಬೇರೆ. "ಇದು ಕಸಿ ಅಮ್ಮ. ಮೇಲಿನದು ನೀವು ದುಡ್ಡು ಕೊಟ್ಟ ಗಿಡ. ಕೆಳಗಿನದು ಸಾದಾ ಹಿಪ್ಪುನೇರಳೆ. ಎರಡು ವರ್ಷ ಇದನ್ನೇ ಸಾಕಿದ್ದೀರಿ" ಅಂದರು. ನನಗೆ ಮಾತೇ ಹೊರಡಲಿಲ್ಲ. ನನ್ನ ಕೈಯಿಂದಲೇ ಕೋಲು ಕಟ್ಟಿದ್ದೆ, ಅಲ್ವಾ?

ನರ್ಸರಿಗೆ ಫೋನ್ ಮಾಡಿದೆ. "ನೀರು ಜಾಸ್ತಿ ಆಗಿರಬೇಕು" ಅಂದರು. ನೀವೇ ಕತ್ತರಿಸಬೇಡಿ ಅಂದಿರಲ್ಲ, ಮೆಸೇಜ್ ಇದೆ ಅಂದೆ. "ಹುಡುಗರು ಏನೋ ಹೇಳಿರುತ್ತಾರೆ. ಗಿಡ ಹಸಿರಾಗೇ ಇದೆಯಲ್ಲ ಮೇಡಂ?" ಅಂದರು. ಹಸಿರಾಗಿದೆಯಂತೆ! ನಾನು ಕೇಳಿದ್ದು ಅದಾ? ಆಮೇಲೆ ಫೋನ್ ಎತ್ತಲೇ ಇಲ್ಲ.

ಕೊಳ್ಳುವಾಗಲೇ ಕಸಿ ಎಲ್ಲಿದೆ ತೋರಿಸಿ ಅನ್ನಿ. ಅದರ ಕೆಳಗೆ ಏನೇ ಚಿಗುರಿದರೂ ಎಳೆಯದಾಗಿರುವಾಗಲೇ ಕಿತ್ತುಹಾಕಿ, ಯಾರು ಏನೇ ಹೇಳಲಿ. ಕಾಂಡದ ತುದಿಗೆ ಕಸಿ ಮಾಡಿದ ಗಿಡ ಅಗಲವಾಗುತ್ತೆ, ಎತ್ತರ ಹೆಚ್ಚುಕಡಿಮೆ ಅಷ್ಟೇ. ಮಹಡಿ ಮಾತು ನಂಬಬೇಡಿ. ಕೊಂಬೆ ಇಳಿಬೀಳುವ ಇನ್ನೊಂದು ಮರ ವೀಪಿಂಗ್ ವಿಲ್ಲೋ ಕಡ್ಡಿ ನೆಟ್ಟರೂ ಬರುತ್ತೆ, ಕಸಿ ಬೇಕಿಲ್ಲ. ಆದರೆ ಅದರ ಬೇರು ನೀರು ಹುಡುಕಿಕೊಂಡು ಬಿರುಕುಬಿಟ್ಟ ಪೈಪಿನೊಳಗೆ ನುಗ್ಗುತ್ತೆ, ಮನೆ ಪಕ್ಕ ಬೇಡ.

ನೆಟ್ಟಗೆ ಎದ್ದ ಮೂರೂ ಕೊಂಬೆಗಳನ್ನು ಮೊನ್ನೆ ಬುಡಕ್ಕೇ ಕತ್ತರಿಸಿದೆ. ಗಂಟಿನ ಮೇಲೆ ಒಂದೇ ಕಡೆ ಇನ್ನೂ ಜೀವ ಇದೆ. ದಿನಾ ಬೆಳಿಗ್ಗೆ ಹೋಗಿ ನೋಡುತ್ತೇನೆ.