ವ್ಯಾಕ್ಸ್, ಸೆರಾಮಿಕ್, ಪಿಪಿಎಫ್: ಕಪ್ಪು ಕಾರಿಗೆ ಮೂರೂ ಮೆತ್ತಿ ನೋಡಿದೆ

ಕಪ್ಪು ಕಾರು ತಗೊಂಡಿದ್ದು ನನ್ನದೇ ತಪ್ಪು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಂಗಳೂರಿನ ಮನೆಗೆ ಶೆಡ್ ಇಲ್ಲ, ಗಾಡಿ ನಿಲ್ಲುವುದು ಪಕ್ಕದ ಮನೆಯ ಮಾವಿನ ಮರದ ಕೆಳಗೆ. ಮರ ಹೂ ಬಿಟ್ಟಾಗ ಜಿಗಿಹುಳದ ಅಂಟು ಸುರಿಯುತ್ತದೆ, ಹಕ್ಕಿ ಹಿಕ್ಕೆಯಂತೂ ವರ್ಷವಿಡೀ ಇದ್ದದ್ದೇ. (ಅವರು ಪ್ರತಿ ವರ್ಷ ಹಣ್ಣು ಕೊಡುತ್ತಾರೆ, ಹಾಗಾಗಿ ಬಾಯಿ ಬಿಡುವ ಹಾಗಿಲ್ಲ.) ತೊಳೆಯುವುದು ಬೋರ್‌ವೆಲ್ ನೀರಲ್ಲಿ. ತಿಂಗಳಿಗೊಮ್ಮೆ ಹೊಸಪೇಟೆಗೆ, ನಮ್ಮೂರಿಗೆ ಹೋಗುತ್ತೇನೆ. ಚಿತ್ರದುರ್ಗ ದಾಟಿದ ಮೇಲೆ ಮುಂದಿನ ಲಾರಿಯ ಚಕ್ರದಿಂದ ಹಾರಿದ ಕಲ್ಲು ಟಪ್ ಅಂತ ಬಾನೆಟ್ಟಿಗೆ ಬಡಿಯುತ್ತದೆ, ಊರು ಹತ್ತಿರವಾದ ಹಾಗೆ ಅದಿರಿನ ಕೆಂಪು ಧೂಳು ಬೇರೆ.

ಬಣ್ಣ ಉಳಿಸಿಕೊಳ್ಳಲು ಮೊದಲು ಅಗ್ಗದ ದಾರಿ ಹಿಡಿದೆ. ಬಾನೆಟ್ ಮಧ್ಯಕ್ಕೆ ಟೇಪ್ ಅಂಟಿಸಿ ಎಡಕ್ಕೆ ಕಾರ್ನೌಬಾ ವ್ಯಾಕ್ಸ್, ಬಲಕ್ಕೆ ಸ್ಪ್ರೇ ಸೀಲೆಂಟ್ (ಸಿಂಪಡಿಸಿ ಒರೆಸುವ, ಮೇಣದ ಬದಲಿಗೆ ಬಳಸುವ ಕೃತಕ ದ್ರವ) ಹಚ್ಚಿದೆ. ಹೆಂಡತಿ ನೋಡಿ ನಕ್ಕಳು. ಕಾರ್ನೌಬಾ ಅಂದರೆ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯ ಮೇಣ. ಹೊಳಪು ಮಾತ್ರ ಏನು ಹೇಳಲಿ, ಎಣ್ಣೆ ಒರೆಸಿದ ಕಡಪ ಕಲ್ಲಿನ ಹಾಗಿತ್ತು. ಆದರೆ ಏಪ್ರಿಲ್ ಬಿಸಿಲಿಗೆ ಆರು ವಾರ ಕೂಡ ಬಾಳಲಿಲ್ಲ, ನೀರು ಹಾಕಿದರೆ ಹನಿಯಾಗಿ ನಿಲ್ಲುವುದನ್ನೇ ಬಿಟ್ಟಿತು. ಸೀಲೆಂಟಿನ ಹೊಳಪು ಸ್ವಲ್ಪ ಸಪ್ಪೆ, ಆದರೂ ನಾಲ್ಕು ತಿಂಗಳು ಎಳೆಯಿತು. ಹಚ್ಚುವುದಕ್ಕೂ ಅರ್ಧ ಗಂಟೆ ಸಾಕು.

ಆಮೇಲೆ ಸೆರಾಮಿಕ್ ಆಸೆ ಬಂತು, ಅಂದರೆ ಬಣ್ಣದ ಮೇಲೆ ಹಚ್ಚಿದಾಗ ಗಟ್ಟಿಯಾಗಿ ಕೂರುವ ತೆಳು ದ್ರವದ ಲೇಪ. 22,000 ರೂಪಾಯಿ ಕೊಟ್ಟೆ, ಮೂರು ದಿನ ಗಾಡಿಯನ್ನು ಅಂಗಡಿಯಲ್ಲೇ ಬಿಟ್ಟೆ. ಮನೆಗೆ ತಂದಾಗ ಕನ್ನಡಿ! ಆದರೆ ಆ ಹೊಳಪಲ್ಲಿ ಮುಕ್ಕಾಲು ಪಾಲು ಕೋಟಿಂಗಿನದ್ದಲ್ಲ, ಅದಕ್ಕೂ ಮೊದಲು ಮಾಡಿದ ಪಾಲಿಶಿನದ್ದು ಅಂತ ಈಗ ನನಗೆ ಅನಿಸುತ್ತದೆ. ಆ ಪಾಲಿಶ್ ಪ್ರತಿ ಸಲ ಕ್ಲಿಯರ್ ಕೋಟನ್ನು, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಸ್ವಲ್ಪ ಸವೆಸುತ್ತದೆ, ಅದು ಇರುವುದೇ ಸುಮಾರು 40-50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). '9ಎಚ್ ಗಡಸು, ಗೀರೇ ಬೀಳಲ್ಲ ಸಾರ್' ಅಂತ ಅಂಗಡಿಯವರು ಅಂದಿದ್ದರು. ಆ 9ಎಚ್ ಪೆನ್ಸಿಲ್‌ನ ಗಡಸುತನದ ಅಳತೆ, ವಜ್ರದ ಪಕ್ಕದಲ್ಲಿ ಕೂರಿಸುವ ಅಳತೆಯಲ್ಲ. ಗೀರೂ ಬಿತ್ತು, ಕಲ್ಲಿನ ಚುಕ್ಕೆಯೂ ಬಿತ್ತು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ನೀರಿನ ಕಲೆ. ಸೆರಾಮಿಕ್ ಮೇಲೆ ನೀರು ಚೆಂದದ ಹನಿಯಾಗಿ ಕೂರುತ್ತದೆ, ಎಲ್ಲರೂ ವಿಡಿಯೋದಲ್ಲಿ ತೋರಿಸುವುದೂ ಅದನ್ನೇ. ಆ ಹನಿ ಬೋರ್‌ವೆಲ್ ನೀರಿನದ್ದಾಗಿ ಬಿಸಿಲಲ್ಲಿ ಒಣಗಿದರೆ ಒಳಗಿನ ಕ್ಯಾಲ್ಸಿಯಂ ಬಿಳಿ ಉಂಗುರವಾಗಿ ಅಲ್ಲೇ ಉಳಿಯುತ್ತದೆ, ಕಪ್ಪು ಬಣ್ಣದ ಮೇಲೆ ರಂಗೋಲಿ ಚುಕ್ಕಿ ಇಟ್ಟ ಹಾಗೆ. ಅಂಗಡಿಯಲ್ಲಿ ಕೇಳಿದರೆ 'ನೀವು ತೊಳೆಯೋದೇ ಸರಿಯಿಲ್ಲ' ಅಂದರು. ಕೊನೆಗೆ ವಿನೆಗರ್‌ಗೆ ನೀರು ಬೆರೆಸಿ ಒರೆಸಿ, ತಕ್ಷಣ ತೊಳೆದೆ. ಅರ್ಧ ಹೋಯಿತು, ಅರ್ಧ ಹಾಗೇ ಇದೆ. ಕಾವೇರಿ ನೀರಲ್ಲಿ ತೊಳೆಯೋಣ ಅಂದರೆ ಮನಸ್ಸು ಒಪ್ಪುವುದಿಲ್ಲ, 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆ ಅಲ್ವಾ? ಒಂದು ಮಾತು ಒಪ್ಪಬೇಕು, ಸೆರಾಮಿಕ್ ಇದ್ದಾಗ ಕೆಂಪು ಧೂಳೂ ಮಾವಿನ ಅಂಟೂ ಉಜ್ಜದೇ ಹೋಗುತ್ತಿತ್ತು. ಹಕ್ಕಿ ಹಿಕ್ಕೆ ಮಾತ್ರ ಎರಡು ದಿನ ಬಿಟ್ಟರೆ ಅದರ ಮೇಲೂ ಗುರುತು ಬಿಡುತ್ತದೆ.

ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ) ಬೇರೆಯೇ ಕಥೆ. ಸೆರಾಮಿಕ್ ಒಂದೆರಡು ಮೈಕ್ರಾನ್ ದಪ್ಪವಿದ್ದರೆ ಹೆಚ್ಚು, ಇದು 200ರ ಹತ್ತಿರದ ಟಿಪಿಯು (ರಬ್ಬರಿನ ಹಾಗೆ ಹಿಗ್ಗುವ ಪ್ಲಾಸ್ಟಿಕ್) ಹಾಳೆ. ಕಲ್ಲು ತಡೆಯುವುದು ಇದೊಂದೇ. ಸಣ್ಣ ಗೀರಿಗೆ ಬಿಸಿನೀರು ಸುರಿದರೆ ಮಾಯ, ನಾನೇ ಮಾಡಿ ನೋಡಿದ್ದೇನೆ. ಇಡೀ ಗಾಡಿಗೆ ಲಕ್ಷ ದಾಟುತ್ತದೆ ಅಂದಾಗ ಬಂಪರ್, ಬಾನೆಟ್, ಕನ್ನಡಿಗಳಿಗೆ ಮಾತ್ರ 38,000 ಕೊಟ್ಟು ಹಾಕಿಸಿದೆ. ಹಾಳೆಯ ಅಂಚಲ್ಲಿ ಕೆಂಪು ಧೂಳು ಗೆರೆಯಾಗಿ ಕೂರುತ್ತದೆ, ಹಳೇ ಹಲ್ಲುಜ್ಜುವ ಬ್ರಶ್ ಬೇಕು. ಅಗ್ಗದ ಪಿವಿಸಿ ಹಾಳೆ ಕಡೆ ಹೋಗಬೇಡಿ, ಬೇಗ ಹಳದಿಯಾಗುತ್ತದೆ.

ಈಗ ಗಾಡಿಯ ಮುಂಭಾಗಕ್ಕೆ ಪಿಪಿಎಫ್, ಉಳಿದದ್ದಕ್ಕೆ ನಾಲ್ಕು ತಿಂಗಳಿಗೊಮ್ಮೆ ಅದೇ ಸ್ಪ್ರೇ ಸೀಲೆಂಟ್. ಸೆರಾಮಿಕ್ ಮತ್ತೆ ಹಾಕಿಸುವುದಿಲ್ಲ. ನೆರಳಲ್ಲಿ ಶೆಡ್ ಇದ್ದು, ತೊಳೆದ ಕೂಡಲೇ ಒರೆಸುವ ತಾಳ್ಮೆ ಇದ್ದವರು ಹಾಕಿಸಲಿ. ನಾನು ತೊಳೆದು ಕಾಫಿ ಕುಡಿಯಲು ಒಳಗೆ ಹೋಗುವವನು.