‘ಇಬ್ಬರೂ ಒಟ್ಟಿಗೆ ಬನ್ನಿ, ಗಿಫ್ಟ್ ಇದೆ’ ಅಂತ ಫೋನ್ ಬಂದರೆ ಹೋಗಬೇಡಿ

ಹೋದ ವಾರ ಊಟದ ಹೊತ್ತಿನಲ್ಲಿ ನಮ್ಮ ಆಫೀಸಿನ ಹುಡುಗಿಯೊಬ್ಬಳು ಖುಷಿಯಿಂದ ಹೇಳಿದಳು: “ಅಕ್ಕ, ನಮಗೆ ಲಕ್ಕಿ ಡ್ರಾದಲ್ಲಿ ಗೋವಾ ಟ್ರಿಪ್ ಬಂದಿದೆ. ಶನಿವಾರ ಇಬ್ಬರೂ ಹೋಗಿ ವೋಚರ್ ತಗೋಬೇಕಂತೆ.” ಅವಳಿಗೆ ಮದುವೆಯಾಗಿ ಎರಡು ತಿಂಗಳಾಗಿದೆ. ನನಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಕಂಪನಿ ಹೆಸರು ಬೇರೆ, ಹೋಟೆಲ್ ಬೇರೆ. ಉಳಿದ ಮಾತೆಲ್ಲ, ಹಾಲಿಡೇ ಮೆಂಬರ್‌ಶಿಪ್ ಅಂತ ನಮ್ಮ ದುಡ್ಡು ಕಿತ್ತುಕೊಂಡವರು ನಮಗೆ ಹೇಳಿದ್ದೇ. ಎರಡೂವರೆ ವರ್ಷ ಆಫೀಸಿನಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವತ್ತು ಅವಳಿಗೆ ಹೇಳಿದೆ. ಹೊಸದಾಗಿ ಮದುವೆಯಾದವರು, ಆಗಲಿರುವವರು ಎಲ್ಲರಿಗೂ ಗೊತ್ತಾಗಲಿ ಅಂತ ಈಗ ಬರೆಯುತ್ತಿದ್ದೇನೆ.

ನಮ್ಮ ಮದುವೆ ಆಗಿದ್ದು 2023ರ ಮೇ ತಿಂಗಳಲ್ಲಿ, ದಾವಣಗೆರೆಯಲ್ಲಿ. ಇವರಿಗೆ ಸಿಕ್ಕಿದ್ದು ಹತ್ತೇ ದಿನ ರಜೆ. ಮದುವೆ, ಮನೆದೇವರು, ಬೀಗರೂಟ ಮುಗಿಯುವ ಹೊತ್ತಿಗೆ ರಜೆಯೂ ಮುಗಿದಿತ್ತು. ನನಗೆ ಅಂಡಮಾನ್ ನೋಡುವ ಆಸೆ ತುಂಬಾ ಹಿಂದಿನಿಂದ ಇತ್ತು. ಆದರೆ ಮೇ ಕೊನೆಗೆ ಅಲ್ಲಿ ಮಳೆಗಾಲ ಶುರುವಾಗುತ್ತದೆ. ಸಮುದ್ರ ಜೋರಾಗಿದ್ದರೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಫೆರ್ರಿಗಳೇ ರದ್ದಾಗುತ್ತವೆ. ಜನವರಿಯಲ್ಲಿ ಹೋಗೋಣ ಅಂದುಕೊಂಡೆವು. ಆಷಾಢಕ್ಕೆ ನಾನು ಅಮ್ಮನ ಮನೆಗೆ ಹೋಗಿ ಬಂದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ತರೋಣ ಅಂತ ಬೆಂಗಳೂರಿನ ಒಂದು ಮಾಲ್‌ಗೆ ಹೋದೆವು.

ಬಾಗಿಲ ಹತ್ತಿರ ಒಂದು ಮೇಜು ಹಾಕಿದ್ದರು. ಮೇಲೆ ಗಾಜಿನ ಡಬ್ಬಿ, ಪಕ್ಕದಲ್ಲಿ ಚೀಟಿಗಳು. ತುಂಬಿ ಹಾಕಿದರೆ ಲಕ್ಕಿ ಡ್ರಾ. ಹೆಸರು, ಫೋನ್ ನಂಬರ್ ಕೇಳಿದ್ದರು. ಅದರ ಕೆಳಗೆ ಇನ್ನೂ ನಾಲ್ಕು ಪ್ರಶ್ನೆ: ಮದುವೆಯಾಗಿದೆಯಾ, ವಯಸ್ಸೆಷ್ಟು, ಇಬ್ಬರ ಸಂಬಳ ಸೇರಿ ಎಷ್ಟು, ಕ್ರೆಡಿಟ್ ಕಾರ್ಡ್ ಇದೆಯಾ. ಲಕ್ಕಿ ಡ್ರಾಗೆ ಕ್ರೆಡಿಟ್ ಕಾರ್ಡಿನ ವಿಷಯ ಯಾಕೆ ಬೇಕು? ಅವತ್ತು ನಮಗೆ ಈ ಪ್ರಶ್ನೆ ಹೊಳೆಯಲಿಲ್ಲ. ಸುಮ್ನೆ ತುಂಬಿ ಹಾಕಿದೆವು.

ನಾಲ್ಕನೇ ದಿನ ಫೋನ್ ಬಂತು. ನಿಮಗೆ ಬಹುಮಾನ ಬಂದಿದೆ, ಗೋವಾದಲ್ಲಿ ಎರಡು ರಾತ್ರಿ ಉಚಿತ, ಭಾನುವಾರ ಸಂಜೆ ಹೋಟೆಲಿಗೆ ಬಂದು ತಗೊಂಡು ಹೋಗಿ. ತೊಂಬತ್ತು ನಿಮಿಷದ ಒಂದು ಸಣ್ಣ ಕಾರ್ಯಕ್ರಮ ಇರುತ್ತದೆ, ಏನೂ ಕೊಳ್ಳಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೂ ಬರಲೇಬೇಕು, ಒಬ್ಬರೇ ಬಂದರೆ ಗಿಫ್ಟ್ ಕೊಡುವುದಿಲ್ಲ. ಗುರುತಿನ ಚೀಟಿಯ ಜೊತೆ ಒಂದು ಕಾರ್ಡ್ ತನ್ನಿ, ವೆರಿಫಿಕೇಷನ್‌ಗೆ. ಇಬ್ಬರೂ ಯಾಕೆ ಬರಬೇಕು ಅನ್ನುವುದು ಆಮೇಲೆ ಅರ್ಥವಾಯಿತು. ಒಬ್ಬರೇ ಹೋದರೆ ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಅಂತ ಎದ್ದು ಬರಬಹುದು. ಇಬ್ಬರೂ ಅಲ್ಲೇ ಕೂತಿದ್ದರೆ ಆ ಮಾತಿಗೆ ಜಾಗವೇ ಇಲ್ಲ.

ಹೋಟೆಲಿನ ಹಾಲಿನಲ್ಲಿ ಹದಿನೈದು ಗುಂಡು ಮೇಜುಗಳಿದ್ದವು. ಒಂದೊಂದರಲ್ಲೂ ನಮ್ಮಂಥದೇ ಒಂದು ಜೋಡಿ, ಎದುರಿಗೆ ಒಬ್ಬ ಹುಡುಗ ಅಥವಾ ಹುಡುಗಿ. ಹಾಡು ಎಷ್ಟು ಜೋರಾಗಿತ್ತು ಅಂದರೆ ಪಕ್ಕದಲ್ಲಿ ಕೂತ ಇವರ ಜೊತೆ ನಾನು ಮೆಲ್ಲಗೆ ಒಂದು ಮಾತಾಡಲೂ ಆಗುತ್ತಿರಲಿಲ್ಲ. ನಮ್ಮ ಮೇಜಿಗೆ ಬಂದ ಹುಡುಗ ಊರು ಕೇಳಿದ. ದಾವಣಗೆರೆ ಅಂದೆ. “ನಾವೂ ಅಲ್ಲೇ ಹರಿಹರದವ್ರೇ ಅಕ್ಕ” ಅಂದ. ಆಮೇಲೆ ಮುಕ್ಕಾಲು ಗಂಟೆ ವ್ಯಾಪಾರದ ಮಾತೇ ಇಲ್ಲ. ಮದುವೆ ಹೇಗಾಯಿತು, ಅತ್ತೆ ಮನೆ ಹೇಗಿದೆ, ಹನಿಮೂನ್‌ಗೆ ಎಲ್ಲಿ ಹೋಗಿದ್ರಿ, ಇದೇ ಮಾತು. ಇನ್ನೂ ಹೋಗಿಲ್ಲ, ಅಂಡಮಾನ್‌ಗೆ ಹೋಗಬೇಕು ಅಂತ ನಾನೇ ಬಾಯಿಬಿಟ್ಟೆ. ತಕ್ಷಣ ಟ್ಯಾಬ್‌ನಲ್ಲಿ ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚು, ಕಡಲಿಗೆ ಎದುರಾಗಿರುವ ಕೋಣೆಗಳು, ಎಲ್ಲ ತೋರಿಸಿದ. “ಇದೆಲ್ಲ ನಮ್ಮದೇ ಪ್ರಾಪರ್ಟಿ ಅಕ್ಕ. ಜನವರಿಗೆ ಇವತ್ತೇ ಬ್ಲಾಕ್ ಮಾಡಿಸ್ತೀನಿ.”

ಆಮೇಲೆ ಕಾಗದ, ಪೆನ್ನು ಬಂತು. ಹತ್ತು ವರ್ಷದ ಮೆಂಬರ್‌ಶಿಪ್, ಅಂದರೆ ಈಗಲೇ ದುಡ್ಡು ಕಟ್ಟಿದರೆ ಅವರ ಪಟ್ಟಿಯ ಹೋಟೆಲ್‌ಗಳಲ್ಲಿ ವರ್ಷಕ್ಕೆ ಆರು ರಾತ್ರಿ ಉಳಿಯಬಹುದು. ಬೆಲೆ 2,60,000 ರೂಪಾಯಿ. ಜಾಸ್ತಿ ಆಯಿತು ಅಂದೆವು. ಮ್ಯಾನೇಜರ್ ಬಂದರು, 1,90,000 ಆಯಿತು. ಇನ್ನೊಬ್ಬರು ಬಂದರು, 1,45,000ಕ್ಕೆ ಇಳಿಯಿತು. ಆದರೆ ಇವತ್ತು ಮಾತ್ರ, ಈ ಮೇಜಿನಲ್ಲಿ ಮಾತ್ರ. ಅಷ್ಟರಲ್ಲಿ ಆಚೆ ಮೇಜಿನವರು ಸಹಿ ಹಾಕಿದರು. ಗಂಟೆ ಬಾರಿಸಿದರು, ಹಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಸಂಜೆ ಐದಕ್ಕೆ ಹೋದವರು ನಾವು, ಆಗಲೇ ಒಂಬತ್ತಾಗಿತ್ತು. ಇವರು “ನಾಳೆ ಹೇಳ್ತೀವಿ” ಅಂದರು. ಮ್ಯಾನೇಜರ್ ಇವರ ಕಡೆ ಬಾಗಿ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: “ಮೇಡಂ ಎಷ್ಟು ಆಸೆಪಟ್ಟಿದ್ದಾರೆ ನೋಡಿ ಸರ್. ಮದುವೆಯಾದ ಮೇಲೆ ಕೇಳಿದ ಮೊದಲನೇ ಆಸೆ. ಅದಕ್ಕೇ ಬೇಡ ಅಂತೀರಾ?”

ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ. ಇವರಿಗೆ ಬೇಡ ಅನ್ನಿಸಿತ್ತು. ನನಗೂ ಬೇಡ ಅನ್ನಿಸಿತ್ತು. ಅದು ಒಬ್ಬರಿಗೊಬ್ಬರಿಗೆ ಗೊತ್ತಾಗಿದ್ದು ಆರು ತಿಂಗಳ ಮೇಲೆ. ಹೆಂಡತಿಯ ಎದುರು ದುಡ್ಡಿಗೆ ಹಿಂದೆಮುಂದೆ ನೋಡುವವನು ಅನ್ನಿಸಿಕೊಳ್ಳಬಾರದು ಅಂತ ಇವರು ಸುಮ್ಮನಿದ್ದರು. ಇವರೇ ಒಪ್ಪುತ್ತಿರುವಾಗ ನಾಲ್ಕು ಜನರ ಮುಂದೆ ನಾನು ಅಡ್ಡ ಮಾತಾಡಬಾರದು ಅಂತ ನಾನು ಸುಮ್ಮನಿದ್ದೆ. ಹತ್ತು ವರ್ಷ ಸಂಸಾರ ಮಾಡಿದವರಾಗಿದ್ದರೆ ಒಂದು ಕಣ್ಸನ್ನೆಯಲ್ಲಿ ಎದ್ದು ಬರುತ್ತಿದ್ದರು. ನಮಗೆ ಆಗಿನ್ನೂ ಮೂರು ತಿಂಗಳು. ಇಂಥ ಕಂಪನಿಯವರು ಹೊಸ ಜೋಡಿಗಳನ್ನೇ ಹುಡುಕಿ ಕರೆಯುವುದು ಇದಕ್ಕೇ ಅಂತ ನನಗೆ ಖಾತ್ರಿಯಾಗಿದೆ.

25,000 ರೂಪಾಯಿ ಯುಪಿಐನಲ್ಲಿ ಕೊಟ್ಟೆವು. ಅದು ಅಮ್ಮ ಮದುವೆಗೆ ಅಂತ ಚೀಟಿ ಎತ್ತಿ ಕೊಟ್ಟಿದ್ದರಲ್ಲಿ ಉಳಿದಿದ್ದ ದುಡ್ಡು. ಉಳಿದ 1,20,000 ಇವರ ಕ್ರೆಡಿಟ್ ಕಾರ್ಡಿನಿಂದ ಹೋಯಿತು. ಅದನ್ನು 24 ಕಂತು ಮಾಡಿಸಿದರು. ಹಳದಿ ಚೀಟಿ ಅಂಟಿಸಿದ ಕಡೆಯೆಲ್ಲ ಸಹಿ ಹಾಕಿಸಿಕೊಂಡರು. ನಮ್ಮ ಕೈಗೆ ಬಂದಿದ್ದು ರಶೀದಿ ಮಾತ್ರ. “ಅಗ್ರಿಮೆಂಟ್ ಕೊರಿಯರ್‌ನಲ್ಲಿ ಬರುತ್ತೆ” ಅಂದರು.

ಬಂದಿದ್ದು ಹದಿನಾಲ್ಕನೇ ದಿನ. ಒಂಬತ್ತನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಸಹಿ ಹಾಕಿದ ಹತ್ತು ದಿನದೊಳಗೆ ಬರೆದು ತಿಳಿಸಿದರೆ ಮಾತ್ರ ಮೆಂಬರ್‌ಶಿಪ್ ರದ್ದು ಮಾಡಬಹುದು, ಆಮೇಲೆ ಹಣ ವಾಪಸ್ ಇಲ್ಲ. ಇನ್ನೊಂದು ಸಾಲನ್ನು ಓದಿ ನನ್ನ ಕೈಕಾಲು ತಣ್ಣಗಾಯಿತು. ಮಾರುವವರು ಬಾಯಿಮಾತಿನಲ್ಲಿ ಕೊಟ್ಟ ಯಾವ ಭರವಸೆಗೂ ಕಂಪನಿ ಹೊಣೆಯಲ್ಲ ಅಂತ. ಹರಿಹರದ ಹುಡುಗ ನಾಲ್ಕು ಗಂಟೆ ಹೇಳಿದ್ದೆಲ್ಲ ಆ ಒಂದು ಸಾಲಿನಲ್ಲಿ ಅಳಿಸಿಹೋಯಿತು.

ಲೆಕ್ಕವನ್ನು ಅವತ್ತು ರಾತ್ರಿ ನಾನೇ ಮಾಡಿದೆ. ಹತ್ತು ವರ್ಷಕ್ಕೆ 60 ರಾತ್ರಿ, 1,45,000 ಭಾಗಿಸಿದರೆ ರಾತ್ರಿಗೆ ಸುಮಾರು 2,400. ಅವರು ತೋರಿಸಿದ್ದೂ ಇದೇ. ವರ್ಷಾ ವರ್ಷ 9,500 ನಿರ್ವಹಣಾ ಶುಲ್ಕ ಕಟ್ಟಬೇಕು ಅನ್ನುವುದು ಅಗ್ರಿಮೆಂಟ್‌ನಲ್ಲಿ ಮಾತ್ರ ಇತ್ತು. ಅದನ್ನು ಸೇರಿಸಿದರೆ 2,40,000. ರಾತ್ರಿಗೆ 4,000. ಕಾರ್ಡಿನ ಬಡ್ಡಿ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಊಟ ಇಲ್ಲ, ವಿಮಾನ ಇಲ್ಲ, ಫೆರ್ರಿ ಇಲ್ಲ. ಅವರ ಪಟ್ಟಿಯಲ್ಲಿದ್ದ ಎಷ್ಟೋ ಹೋಟೆಲ್‌ಗಳು ಆನ್‌ಲೈನಿನಲ್ಲಿ ಯಾರಿಗೆ ಬೇಕಾದರೂ ಮೂರು ಸಾವಿರದ ಆಸುಪಾಸಿಗೆ ಸಿಗುತ್ತಿದ್ದವು. ‘ನಮ್ಮದೇ ಪ್ರಾಪರ್ಟಿ’ ಅಂದಿದ್ದರಲ್ವಾ, ಒಂದೂ ಅವರದಾಗಿರಲಿಲ್ಲ.

ಜನವರಿಗೆ ಬೇಕು ಅಂತ ಅಕ್ಟೋಬರಿನಲ್ಲೇ ಇಮೇಲ್ ಮಾಡಿದೆವು. ಇಪ್ಪತ್ತು ದಿನ ಉತ್ತರ ಇಲ್ಲ. ಆಮೇಲೆ ‘ವೇಟಿಂಗ್ ಲಿಸ್ಟ್’ ಅಂದರು. ಡಿಸೆಂಬರ್ ಕೊನೆಯ ವಾರದಲ್ಲಿ ಹ್ಯಾವ್‌ಲಾಕ್‌ನಲ್ಲಿ ಕೋಣೆ ಇಲ್ಲ, ಪೋರ್ಟ್ ಬ್ಲೇರ್‌ನಲ್ಲಿ ಎರಡು ರಾತ್ರಿ ಕೊಡುತ್ತೇವೆ, ಇಲ್ಲವಾದರೆ ಮುನ್ನಾರ್‌ಗೆ ಹೋಗಿ ಅಂದರು. ಅಷ್ಟರಲ್ಲಿ ವಿಮಾನದ ದರ ಎರಡರಷ್ಟಾಗಿತ್ತು. ಗೋವಾದ ಉಚಿತ ವೋಚರಿಗೂ ಮೊದಲು 3,999 ಕಟ್ಟಬೇಕಿತ್ತು. ಶುಕ್ರವಾರ, ಶನಿವಾರ, ಭಾನುವಾರ ನಡೆಯುವುದಿಲ್ಲ.

ಹನಿಮೂನ್ ಆಗಲಿಲ್ಲ. ಮನೆಯಲ್ಲಿ ಮಾತೂ ಕಡಿಮೆಯಾಯಿತು. ಪ್ರತಿ ತಿಂಗಳು ಕಾರ್ಡಿನ ಬಿಲ್ಲಿನಲ್ಲಿ 5,800 ಚಿಲ್ಲರೆ ಬಂದಾಗಲೆಲ್ಲ ಇವರು ಮೌನ, ನಾನು ಮೌನ. ಅಮ್ಮ ಫೋನಿನಲ್ಲಿ “ಎಲ್ಲಾದರೂ ಹೋಗಿ ಬನ್ರೇ” ಅಂದಾಗ ರಜೆ ಇಲ್ಲ ಅಂತ ಸುಳ್ಳು ಹೇಳುತ್ತಿದ್ದೆ. ಫೆಬ್ರವರಿಯ ಒಂದು ರಾತ್ರಿ ಜಗಳ ಹತ್ತಿಕೊಂಡಿತು. “ನಿನಗೋಸ್ಕರ ಹಾಕಿದೆ” ಅಂದರು ಇವರು. “ನನಗೂ ಬೇಡವಾಗಿತ್ತು” ಅಂದೆ. ಇಬ್ಬರೂ ತುಂಬಾ ಹೊತ್ತು ಅತ್ತೆವು. ಮಾರನೇ ದಿನ ಕೂತು ಕಾಗದಪತ್ರ ಎಲ್ಲ ಒಂದು ಫೈಲಿಗೆ ಹಾಕಿದೆವು.

ಆಮೇಲೆ ಆಗಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈಗಾಗಲೇ ಸಹಿ ಹಾಕಿದವರಿಗೆ ಬೇಕಾಗಬಹುದು. ಕಂಪನಿಯವರು ಫೋನಿನಲ್ಲಿ ‘ನೋಡ್ತೀವಿ ಮೇಡಂ’ ಅನ್ನುತ್ತಲೇ ದಿನ ಕಳೆಯುತ್ತಾರೆ. ಫೋನ್ ಮಾತಿಗೆ ಯಾವ ದಾಖಲೆಯೂ ಇರುವುದಿಲ್ಲ. ಏನೇ ಹೇಳುವುದಿದ್ದರೂ ಇಮೇಲ್ ಮಾಡಿ. ಸಹಿ ಹಾಕಿ ಒಂದೆರಡು ದಿನವಷ್ಟೇ ಆಗಿದ್ದರೆ ಅಗ್ರಿಮೆಂಟ್ ಬರಲಿ ಅಂತ ಕಾಯಬೇಡಿ. ರದ್ದು ಮಾಡಿ ಅಂತ ಇವತ್ತೇ ಬರೆಯಿರಿ, ಬ್ಯಾಂಕಿಗೂ ಇವತ್ತೇ ಬರೆಯಿರಿ. ನಾವು ಆರು ತಿಂಗಳ ಮೇಲೆ ಬ್ಯಾಂಕಿಗೆ ಹೋದಾಗ, ಒಟಿಪಿ ನೀವೇ ಕೊಟ್ಟಿದ್ದೀರಿ, ಈಗ ಏನೂ ಮಾಡಲಾಗದು ಅಂದರು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ, ಆದರೆ ಹಣ ಕೊಡಿ ಅಂತ ಆದೇಶ ಮಾಡಲು ಅವರಿಗೆ ಆಗುವುದಿಲ್ಲ. ನಮಗೆ ‘ಒಪ್ಪಂದದಂತೆ ವಾಪಸ್ ಇಲ್ಲ’ ಅನ್ನುವ ಉತ್ತರ ಬಂತು. ಅದೂ ಒಂದು ದಾಖಲೆಯಾಯಿತು.

ಇದರ ಮಧ್ಯೆ ಇನ್ನೊಂದು ಗಂಡಾಂತರ. ಒಬ್ಬ ಫೋನ್ ಮಾಡಿದ. ನಮ್ಮ ಮೆಂಬರ್‌ಶಿಪ್ ನಂಬರ್, ಸಹಿ ಹಾಕಿದ ದಿನ, ಕಟ್ಟಿದ ದುಡ್ಡು ಎಲ್ಲ ಸರಿಯಾಗಿ ಹೇಳಿದ. ಬೇರೆಯವರಿಗೆ ಮಾರಿಸಿ 1,80,000 ಕೊಡಿಸುತ್ತೇನೆ, ಮೊದಲು 18% ಜಿಎಸ್‌ಟಿ ಅಂತ 32,400 ಕಟ್ಟಿ ಅಂದ. ಕಳೆದುಕೊಂಡಿದ್ದು ವಾಪಸ್ ಬರುತ್ತದೆ ಅನ್ನುವ ಆಸೆ ತುಂಬಾ ಕೆಟ್ಟದ್ದು. ನಾನು ಕಟ್ಟಿಬಿಡೋಣ ಅಂದಿದ್ದೆ. ಯುಪಿಐನಲ್ಲಿ ಕಂಪನಿಯ ಬದಲು ಯಾರೋ ಒಬ್ಬರ ಹೆಸರು ಬಂದಿದ್ದನ್ನು ಇವರು ನೋಡಿದರು, ಅಲ್ಲಿಗೆ ನಿಲ್ಲಿಸಿದೆವು. ಇಂಥವರಿಗೆ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

2025ರ ಜೂನ್‌ನಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆವು. ದೂರು ಕೊಡಲು ಎರಡು ವರ್ಷದ ಗಡುವು ಇದೆ, ನಮ್ಮದು ಇನ್ನೆರಡು ತಿಂಗಳಲ್ಲಿ ಮುಗಿಯುತ್ತಿತ್ತು. ನಾಚಿಕೆಪಟ್ಟು ಸುಮ್ಮನಿದ್ದ ಆರು ತಿಂಗಳು, ಆಮೇಲೆ ಕಂಪನಿಯ ಮಾತು ನಂಬಿ ಕಾದ ಒಂದು ವರ್ಷ, ಎಲ್ಲ ಆ ಗಡುವಿನಲ್ಲೇ ಕಳೆದುಹೋಗಿತ್ತು. ಅಗ್ರಿಮೆಂಟ್‌ನಲ್ಲಿ ‘ವ್ಯಾಜ್ಯವೇನಿದ್ದರೂ ದೆಹಲಿಯಲ್ಲಿ’ ಅಂತ ಬರೆದಿತ್ತು. ಅದನ್ನು ನೋಡಿ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಇ-ಜಾಗೃತಿ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಮನೆಯಿಂದಲೇ ಹಾಕಬಹುದು, ನಾವು ಹಾಗೇ ಹಾಕಿದ್ದು.

ಅದೇ ವರ್ಷ ಫೆಬ್ರವರಿಯಲ್ಲಿ ಅಂಡಮಾನ್‌ಗೂ ಹೋಗಿ ಬಂದೆವು, ನಾವೇ ಬುಕ್ ಮಾಡಿಕೊಂಡು. ಅಷ್ಟರಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಅಂತ ಹೆಸರಾಗಿತ್ತು. ಹ್ಯಾವ್‌ಲಾಕ್‌ನ ಈಗಿನ ಹೆಸರು ಸ್ವರಾಜ್ ದ್ವೀಪ. ಮೊದಲು ಫೆರ್ರಿ ಟಿಕೆಟ್ ನೋಡಿಕೊಂಡು ಅದಕ್ಕೆ ಹೊಂದುವ ಹಾಗೆ ಕೋಣೆ ಹಿಡಿದೆವು. ವಾಪಸ್ ವಿಮಾನಕ್ಕೆ ಒಂದು ದಿನ ಮೊದಲೇ ಶ್ರೀ ವಿಜಯಪುರಂಗೆ ಬಂದೆವು, ಸಮುದ್ರ ಕೆಟ್ಟು ಫೆರ್ರಿ ನಿಂತರೂ ತೊಂದರೆಯಾಗಬಾರದು ಅಂತ. ಐದು ರಾತ್ರಿಗೆ ವಿಮಾನ, ಫೆರ್ರಿ, ಊಟ, ಕೋಣೆ ಎಲ್ಲ ಸೇರಿ ಇಬ್ಬರಿಗೆ 68,000 ಆಯಿತು. ಅಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ. ರಾಧಾನಗರದ ಮರಳಿನಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುವಾಗ ಇವರು ಕೇಳಿದರು, “ಅವತ್ತು ನೀನು ನನ್ನ ಕಾಲು ತುಳಿದಿದ್ದರೂ ಸಾಕಿತ್ತು ಅಲ್ವಾ?” ಈಗ ನಮ್ಮಲ್ಲಿ ಅದೊಂದು ಒಪ್ಪಂದ. ಹೊರಗೆ ಎಲ್ಲಿ ಕೂತರೂ, ಕಾಲು ತಾಗಿದರೆ ಎದ್ದುಬಿಡುವುದು.

ಆಫೀಸಿನ ಹುಡುಗಿ ಶನಿವಾರ ಹೋಗಲಿಲ್ಲ. ನಾಲ್ಕು ಸಲ ಫೋನ್ ಮಾಡಿದರಂತೆ, ಕೊನೆಯ ಸಲ ಗಿಫ್ಟ್ ಮೂರು ರಾತ್ರಿಗೆ ಏರಿತ್ತಂತೆ. ನಮ್ಮ ಕೇಸಿನ ಮುಂದಿನ ವಿಚಾರಣೆ ಬರುವ ತಿಂಗಳು. ಕಂಪನಿಯ ಪರವಾಗಿ ಇದುವರೆಗೆ ಯಾರೂ ಬಂದಿಲ್ಲ. ಕಾರ್ಡಿನ ಕೊನೆಯ ಕಂತು ಮಾತ್ರ ಕಳೆದ ಆಗಸ್ಟಿನಲ್ಲೇ ಕಟ್ಟಿ ಮುಗಿಸಿದೆವು.