ಕ್ರೋಮ್‌ಬುಕ್‌ನ ಲಿನಕ್ಸ್ ಸೌಲಭ್ಯ: ಡೆಸ್ಕ್‌ಟಾಪ್ ತಂತ್ರಾಂಶ ಹಾಕಲು ಎಷ್ಟು ಸರಿ?

ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳನ್ನು ನಡೆಸುವುದು ಬ್ರೌಸರ್ ಸುತ್ತಲೇ ಕಟ್ಟಿದ ಕ್ರೋಮ್‌ಓಎಸ್. ಅದರಲ್ಲಿ ಚಿತ್ರ ತಿದ್ದುವ ಜಿಂಪ್, ಕಚೇರಿ ಕೆಲಸದ ಲಿಬ್ರೆಆಫೀಸ್, ಆಡಿಯೊ ಕತ್ತರಿಸುವ ಆಡಾಸಿಟಿಯಂಥ ಪೂರ್ಣ ತಂತ್ರಾಂಶ ಹಾಕಿಕೊಳ್ಳುವ ದಾರಿ ತೆರೆದದ್ದು 2018ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕಿರುವ ಹೆಸರು ‘ಲಿನಕ್ಸ್ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್’. ಈ ಹೆಸರು ನೋಡಿ ಇದು ಪ್ರೋಗ್ರಾಮರ್‌ಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಚಿತ್ರ ತಿದ್ದುವವರಿಗೂ ಆಡಿಯೊ ಕತ್ತರಿಸುವವರಿಗೂ ಇದು ಒಳ್ಳೆಯ ಸೌಲಭ್ಯ. ಒಳಗೆ ಓಡುವುದು ವರ್ಚುವಲ್ ಮಷಿನ್‌ನಲ್ಲಿರುವ (ಯಂತ್ರದೊಳಗೇ ಪ್ರತ್ಯೇಕವಾಗಿ ನಡೆಯುವ ಕಾಲ್ಪನಿಕ ಕಂಪ್ಯೂಟರ್) ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ. ಆದ್ದರಿಂದ ಅಲ್ಲಿ ಏನೇ ಕೆಟ್ಟರೂ ಮೂಲ ವ್ಯವಸ್ಥೆಗೆ ಧಕ್ಕೆಯಾಗುವುದು ಕಷ್ಟ.

ಮೊದಲು ಪ್ರೊಸೆಸರ್ ಯಾವುದೆಂದು ನೋಡಿ. ಇಂಟೆಲ್, ಎಎಂಡಿ ಯಂತ್ರಗಳಿಗೆ ‘ಎಎಂಡಿ64’ ಪ್ಯಾಕೇಜ್ (ತಂತ್ರಾಂಶದ ಇನ್‌ಸ್ಟಾಲ್ ಕಟ್ಟು) ಬೇಕು, ಮೀಡಿಯಾಟೆಕ್ ಅಥವಾ ಸ್ನ್ಯಾಪ್‌ಡ್ರ್ಯಾಗನ್ ಇದ್ದರೆ ‘ಎಆರ್‌ಎಂ64’. ಅನೇಕ ಕಂಪನಿಗಳು ಮೊದಲನೆಯದನ್ನಷ್ಟೇ ಕೊಡುತ್ತವೆ, ಹಾಗಾಗಿ ಎಆರ್‌ಎಂ ಯಂತ್ರದವರಿಗೆ ಆಯ್ಕೆ ನಿಜಕ್ಕೂ ಕಡಿಮೆ. ವಿಂಡೋಸ್‌ನ ಇಎಕ್ಸ್‌ಇ ಫೈಲ್ ಎರಡರಲ್ಲೂ ನೇರವಾಗಿ ಓಡುವುದಿಲ್ಲ.

ಸೆಟ್ಟಿಂಗ್ಸ್‌ನ ‘ಅಬೌಟ್ ಕ್ರೋಮ್‌ಓಎಸ್’ ಪುಟದಲ್ಲಿ ‘ಡೆವಲಪರ್ಸ್’ ಭಾಗಕ್ಕೆ ಹೋಗಿ ‘ಸೆಟ್ ಅಪ್’ ಒತ್ತಬೇಕು. ಶಾಲೆ ಅಥವಾ ಕಚೇರಿಯ ಖಾತೆಯಾದರೆ ಅಡ್ಮಿನ್ ಇದನ್ನು ತಡೆದಿರಬಹುದು. ಡಿಸ್ಕ್ ಗಾತ್ರ ಕೇಳಿದಾಗ ಅದು ಸೂಚಿಸುವುದು 10 ಜಿಬಿ. ಜಿಂಪ್, ಲಿಬ್ರೆಆಫೀಸ್ ಎರಡಕ್ಕೆ ಅಷ್ಟು ಸಾಕು. ಹೊಸ ಆವೃತ್ತಿಗಳನ್ನು ಹಾಕಿಕೊಳ್ಳುವ ಇನ್ನೊಂದು ವಿಧಾನವಾದ ಫ್ಲ್ಯಾಟ್‌ಪ್ಯಾಕ್ ಬಳಸುವ ಯೋಚನೆಯಿದ್ದರೆ 20 ಜಿಬಿ ಕೊಡಿ. ಆಮೇಲೆ ಹಿಗ್ಗಿಸಲೂಬಹುದು. ರ್‍ಯಾಮ್ 4 ಜಿಬಿ ಇದ್ದರೆ ಹತ್ತಾರು ಟ್ಯಾಬ್ ತೆರೆದಿಟ್ಟು ಲಿನಕ್ಸ್ ತಂತ್ರಾಂಶವನ್ನೂ ಓಡಿಸಿದಾಗ ಎಲ್ಲವೂ ತೆವಳುತ್ತದೆ. 8 ಜಿಬಿ ಇದ್ದರೆ ನೆಮ್ಮದಿ.

ಆದೇಶ ಟೈಪಿಸುವ ಕಿಟಕಿಯಾದ ಟರ್ಮಿನಲ್ ತೆರೆದ ಕೂಡಲೇ ‘ಸುಡೊ ಆಪ್ಟ್ ಅಪ್‌ಡೇಟ್’ (sudo apt update) ಕೊಡಿ. ‘ಸುಡೊ’ ಎಂದರೆ ಅಡ್ಮಿನ್ ಅಧಿಕಾರದಿಂದ ಮಾಡು ಎಂದು, ‘ಆಪ್ಟ್’ ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಸಾಧನ. ಇದನ್ನು ಬಿಟ್ಟು ನೇರ ‘ಸುಡೊ ಆಪ್ಟ್ ಇನ್‌ಸ್ಟಾಲ್ ಜಿಂಪ್’ ಎಂದರೆ ಪ್ಯಾಕೇಜೇ ಸಿಗಲಿಲ್ಲ ಎಂಬ ಉತ್ತರ ಬರಬಹುದು. ಕಾರಣ, ಪ್ಯಾಕೇಜ್ ಪಟ್ಟಿ ಇನ್ನೂ ಇಳಿದಿಲ್ಲ ಅಥವಾ ಹಳತಾಗಿದೆ.

ಡೌನ್‌ಲೋಡ್ ಮಾಡಿದ ಡೆಬ್ ಫೈಲ್ (ಡೆಬಿಯನ್ ಪ್ಯಾಕೇಜ್ ಫೈಲ್) ಮೇಲೆ ಎರಡು ಸಲ ಕ್ಲಿಕ್ ಮಾಡಿದರೂ ಇನ್‌ಸ್ಟಾಲ್ ಆಗುತ್ತದೆ. ಆದರೆ ಈ ಸೌಲಭ್ಯದಲ್ಲಿ ತೀರಾ ದುರ್ಬಲವಾದ ಭಾಗವೇ ಇದು. ಕೆಲಸ ಕೆಟ್ಟಾಗ ಏಕೆ ಕೆಟ್ಟಿತು ಎಂದು ಸರಿಯಾಗಿ ಹೇಳುವುದಿಲ್ಲ. ಫೈಲನ್ನು ‘ಲಿನಕ್ಸ್ ಫೈಲ್ಸ್’ ಫೋಲ್ಡರ್‌ಗೆ ಹಾಕಿ, ‘ಸುಡೊ ಆಪ್ಟ್ ಇನ್‌ಸ್ಟಾಲ್’ ಆದ ಮೇಲೆ ಚುಕ್ಕಿ, ಓರೆಗೆರೆ (./), ಅದಕ್ಕೆ ಅಂಟಿಸಿ ಫೈಲಿನ ಹೆಸರು ಬರೆಯಿರಿ. ಚುಕ್ಕಿ-ಓರೆಗೆರೆ ಮರೆತರೆ ಆಪ್ಟ್ ನಿಮ್ಮ ಫೋಲ್ಡರ್ ಬಿಟ್ಟು ಡೆಬಿಯನ್ ಭಂಡಾರದಲ್ಲಿ ಹುಡುಕುತ್ತದೆ. ಚುಕ್ಕಿ-ಓರೆಗೆರೆ ಸೇರಿಸಿ ಕೊಟ್ಟಾಗ ಬೇಕಾದ ಇತರ ಪ್ಯಾಕೇಜ್‌ಗಳೂ ತಾವಾಗಿಯೇ ಬರುತ್ತವೆ, ಪ್ರೊಸೆಸರ್ ಹೊಂದದಿದ್ದರೆ ಅದೂ ತೆರೆಯ ಮೇಲೆ ಕಾಣುತ್ತದೆ.

ಡೆಬಿಯನ್ ಸ್ಥಿರತೆಗೆ ಹೆಸರಾದದ್ದು, ಹಾಗಾಗಿ ಅದರಲ್ಲಿ ಸಿಗುವ ಆವೃತ್ತಿಗಳು ಹಳೆಯವು. ಡೆಬಿಯನ್ 12ರಲ್ಲಿರುವುದು ಜಿಂಪ್ 2.10, ಜಿಂಪ್ 3.0 ಬಂದದ್ದು 2025ರಲ್ಲಿ. ಹೊಸದೇ ಬೇಕಾದರೆ ಫ್ಲ್ಯಾಟ್‌ಪ್ಯಾಕ್ ಹಾಕಿ, ಅದರ ತಂತ್ರಾಂಶ ಭಂಡಾರವಾದ ಫ್ಲ್ಯಾಟ್‌ಹಬ್ ಸೇರಿಸಿಕೊಳ್ಳಬೇಕು. ಸೇರಿಸುವಾಗ ‘ಯೂಸರ್’ ಆಯ್ಕೆ ಕೊಟ್ಟರೆ ಪದೇ ಪದೇ ಸುಡೊ ಬೇಕಾಗುವುದಿಲ್ಲ. ಮೊದಲ ತಂತ್ರಾಂಶದ ಜೊತೆ ಅದು ಓಡಲು ಬೇಕಾದ ನೂರಾರು ಎಂಬಿಯ ರನ್‌ಟೈಮ್ ಇಳಿಯುತ್ತದೆ, ಜಾಗ ಕರಗುವುದು ಇಲ್ಲೇ. ಹಾಕಿದ ತಂತ್ರಾಂಶದ ಐಕಾನ್ ಕಾಣದಿದ್ದರೆ ಟರ್ಮಿನಲ್ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಲಿನಕ್ಸ್ ಮುಚ್ಚಿ, ಮತ್ತೆ ತೆರೆಯಿರಿ.

ಬಳಕೆಯಲ್ಲಿ ಚಿತ್ರ, ಕಚೇರಿ ಕೆಲಸ, ಕೋಡಿಂಗ್ ಎಲ್ಲ ಸರಾಗ. ವಿಡಿಯೊ ಎಡಿಟಿಂಗ್‌ಗೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ: ಗ್ರಾಫಿಕ್ಸ್ ವರ್ಚುವಲ್ ಪದರ ದಾಟಿ ಬರುವುದರಿಂದ ಉದ್ದದ ಟೈಮ್‌ಲೈನ್ ತಡವರಿಸುತ್ತದೆ. ಅಕ್ಷರ ಮಸುಕಾಗಿಯೋ ತೀರಾ ಸಣ್ಣದಾಗಿಯೋ ಕಂಡರೆ ಆ ತಂತ್ರಾಂಶದ ಐಕಾನ್‌ನ ಬಲ ಕ್ಲಿಕ್ ಮೆನುವಿನಲ್ಲಿ ಡೆನ್ಸಿಟಿ (ತೆರೆಯ ಸಾಂದ್ರತೆ) ಬದಲಿಸಿ. ಕನ್ನಡದ ಜಾಗದಲ್ಲಿ ಚೌಕಗಳು ಕಂಡರೆ ‘ಫಾಂಟ್ಸ್-ಕೆಎನ್‌ಡಿಎ’ (fonts-knda) ಪ್ಯಾಕೇಜ್ ಹಾಕಿ. ಆಡಾಸಿಟಿಯಲ್ಲಿ ಧ್ವನಿ ದಾಖಲಾಗದಿದ್ದರೆ ತಂತ್ರಾಂಶವನ್ನು ದೂರುವ ಮೊದಲು ಲಿನಕ್ಸ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಅನುಮತಿ ನೋಡಿ, ಅದು ಮೊದಲಿಗೆ ಆಫ್ ಇರುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ಕೂಡ ಹಾಗೆಯೇ: ‘ಶೇರ್ ವಿತ್ ಲಿನಕ್ಸ್’ ಕೊಡುವ ತನಕ ಒಳಗಿನ ತಂತ್ರಾಂಶಕ್ಕೆ ಕಾಣುವುದೇ ಇಲ್ಲ.

ಲಿನಕ್ಸ್ ತೆಗೆದುಹಾಕಿದರೆ ಅಥವಾ ಯಂತ್ರವನ್ನು ಪವರ್‌ವಾಷ್ ಮಾಡಿದರೆ (ಎಲ್ಲ ಅಳಿಸಿ ಹೊಸದರಂತೆ ಮಾಡಿದರೆ) ಲಿನಕ್ಸ್ ಫೈಲ್ಸ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಸೆಟ್ಟಿಂಗ್ಸ್‌ನ ‘ಬ್ಯಾಕಪ್ ಅಂಡ್ ರಿಸ್ಟೋರ್’ ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿಕೊಡುತ್ತದೆ. ಆ ಫೈಲನ್ನು ಪೆನ್‌ಡ್ರೈವ್‌ಗೆ ನಕಲಿಸಿಟ್ಟುಕೊಳ್ಳಿ.